ಮೊದಲ ಬಾರಿ ಉಷ್ಣವಲಯದ ದ್ವೀಪಗಳಿಗೆ ಹೊರಟವರ ಪ್ರಶ್ನೆಗೆ ಉತ್ತರ: ಗಾಳಿ, ನೀರು ಮತ್ತು ಚಂದ್ರ

ಉಷ್ಣವಲಯದ ದ್ವೀಪಕ್ಕೆ ಮೊದಲ ಬಾರಿ ಹೊರಟಿರುವುದಾಗಿ ತಿಳಿಸಿ, ದ್ವೀಪವನ್ನೂ ತಿಂಗಳನ್ನೂ ಹೇಗೆ ಆರಿಸಿಕೊಳ್ಳಬೇಕು, ಅಲ್ಲಿನ ನಿವಾಸಿಗಳಿಗೆ ಗೊತ್ತಿದ್ದು ಪ್ರವಾಸಿಗರಿಗೆ ಗೊತ್ತಿಲ್ಲದ ಸಂಗತಿಗಳು ಯಾವುವು ಎಂದು ತಾವು ಕೇಳಿದ್ದೀರಿ. ಜೊತೆಗೆ ಒಂದಿಷ್ಟು ಸ್ವಾರಸ್ಯದ ವಿಷಯಗಳಿದ್ದರೆ ಅವನ್ನೂ ಹೇಳಿ ಎಂದಿದ್ದೀರಿ. ಈಗಾಗಲೇ ಹಲವರು ಕಡಲತೀರಗಳ ಹೆಸರುಗಳನ್ನು ಕೊಟ್ಟಿರುವುದರಿಂದ ನಾನು ಅದಕ್ಕೆ ಕೈಹಾಕುವುದಿಲ್ಲ. ನನ್ನ ಅನುಭವದಲ್ಲಿ ದ್ವೀಪದ ಸ್ವಾರಸ್ಯವೂ ಅಲ್ಲಿನ ಎಚ್ಚರಿಕೆಯೂ ಬೇರೆಬೇರೆಯಲ್ಲ. ದ್ವೀಪ ಹೇಗೆ ಹುಟ್ಟಿತು, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ನೀರು ಯಾವಾಗ ಏರಿಳಿಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದುಕೊಂಡರೆ ಉಳಿದ ಹೆಚ್ಚಿನವು ತಾವಾಗಿಯೇ ಅರ್ಥವಾಗುತ್ತವೆ.

ಮೊದಲು ಹುಟ್ಟಿನ ವಿಷಯ. ಸಾಗರದ ನಡುವಿನ ಉಷ್ಣವಲಯದ ದ್ವೀಪಗಳಲ್ಲಿ ಬಹುಪಾಲನ್ನು ಎತ್ತರದ ದ್ವೀಪ, ತಗ್ಗಿನ ದ್ವೀಪ ಎಂದು ವಿಂಗಡಿಸಬಹುದು. ಹವಾಯಿ, ತಾಹಿತಿ, ರಿಯೂನಿಯನ್‌ಗಳಂಥವು ಜ್ವಾಲಾಮುಖಿಯಿಂದ ಎದ್ದ ಬೆಟ್ಟಗಳು; ಮಾಲ್ಡೀವ್ಸ್, ಮಾರ್ಷಲ್ ದ್ವೀಪಗಳಂಥವು ಹವಳದ ದಂಡೆಯ ಮೇಲೆ ಮರಳು ಕೂಡಿ ಆದವು. ಇವೆರಡಕ್ಕೂ ನಂಟಿದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ವಿವರಿಸಿದ್ದ: ಜ್ವಾಲಾಮುಖಿ ಬೆಟ್ಟ ನಿಧಾನವಾಗಿ ಕುಸಿಯುತ್ತ ಹೋದಂತೆ ಅದರ ಅಂಚಿನ ಹವಳ ಬೆಳಕಿನತ್ತ ಮೇಲಕ್ಕೆ ಬೆಳೆಯುತ್ತಲೇ ಹೋಗಿ, ಕೊನೆಗೆ ಬೆಟ್ಟ ಮುಳುಗಿ ಹವಳದ ಉಂಗುರ ಮಾತ್ರ ಉಳಿಯುತ್ತದೆ. 1952ರಲ್ಲಿ ಎನೆವೆಟಾಕ್ ಹವಳದ್ವೀಪದಲ್ಲಿ ಕೊರೆದಾಗ 1,200 ಮೀಟರಿಗೂ ಹೆಚ್ಚು ಆಳದವರೆಗೆ ಸುಣ್ಣಕಲ್ಲೇ ಸಿಕ್ಕಿ, ಅದರ ಕೆಳಗೆ ಜ್ವಾಲಾಮುಖಿಯ ಬಂಡೆ ಸಿಕ್ಕಿತು. ಆತನ ಊಹೆ ನಿಜವಾಯಿತು. ಇಂಥ ಉಂಗುರಗಳಿಗೆ ಜಗತ್ತೆಲ್ಲ ಬಳಸುವ ‘ಅಟಾಲ್’ ಎಂಬ ಪದವೂ ಮಾಲ್ಡೀವ್ಸ್‌ನ ದಿವೇಹಿ ಭಾಷೆಯಿಂದಲೇ ಬಂದದ್ದು.

ಕಾಲಡಿಯ ಮರಳೂ ಇದೇ ಕಥೆಯನ್ನು ಹೇಳುತ್ತದೆ. ಹವಳದ್ವೀಪಗಳ ಬೆಳ್ಳನೆಯ ಮರಳಿನಲ್ಲಿ ದೊಡ್ಡ ಪಾಲು ಗಿಳಿಮೀನುಗಳ ಹೊಟ್ಟೆಯಿಂದ ಹೊರಬಿದ್ದದ್ದು. ಪಾಚಿಗಾಗಿ ಹವಳವನ್ನು ಕೊಕ್ಕಿನಂಥ ಹಲ್ಲುಗಳಿಂದ ಕೆರೆದು ತಿನ್ನುವ ಈ ಮೀನು ಸುಣ್ಣವನ್ನು ಪುಡಿಯಾಗಿ ಹೊರಹಾಕುತ್ತದೆ. ದೊಡ್ಡದೊಂದು ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳನ್ನು ಹೀಗೆ ತಯಾರಿಸಬಲ್ಲದು. ನೀರಿನಲ್ಲಿ ತಲೆ ಮುಳುಗಿಸಿ ಸುಮ್ಮನಿದ್ದರೆ ಅದು ಕೆರೆಯುವ ಸದ್ದು ಕೇಳಿಸುತ್ತದೆ. ಜ್ವಾಲಾಮುಖಿಯ ದ್ವೀಪಗಳಲ್ಲಾದರೆ ಲಾವಾ ಪುಡಿಯಾದ ಕಪ್ಪು ಮರಳಿರುತ್ತದೆ. ಹವಾಯಿಯ ಪಾಪಕೋಲೆಯಾದಲ್ಲಿ ಆಲಿವೀನ್ ಎಂಬ ಖನಿಜದಿಂದಾಗಿ ಮರಳು ಹಸಿರಾಗಿಯೂ ಇದೆ. ನೆನಪಿಗೆಂದು ಒಂದು ಹಿಡಿ ಮರಳನ್ನೋ ಹವಳದ ತುಂಡನ್ನೋ ಚೀಲಕ್ಕೆ ಹಾಕಿಕೊಳ್ಳಬೇಡಿ. ಬಹಳ ಕಡೆ ಅದು ಕಾನೂನಿಗೆ ವಿರುದ್ಧ.

ತಗ್ಗಿನ ದ್ವೀಪಕ್ಕೆ ಹೋಗುವುದಾದರೆ ಕುಡಿಯುವ ನೀರಿನ ಲೆಕ್ಕವನ್ನು ಮೊದಲೇ ತಿಳಿದಿರಿ. ಅಲ್ಲಿ ನದಿಯಿಲ್ಲ, ಕೆರೆಯಿಲ್ಲ. ಮಳೆನೀರು ಮರಳಿನೊಳಗೆ ಇಂಗಿ, ಉಪ್ಪುನೀರಿಗಿಂತ ಸ್ವಲ್ಪ ಹಗುರವಾದ್ದರಿಂದ ಅದರ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಅದರ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರಬಹುದು ಎಂಬುದು ಲೆಕ್ಕ. ಆದರೆ ಮಾಲ್ಡೀವ್ಸ್‌ನಂಥ ದೇಶದಲ್ಲಿ ಅತ್ಯಂತ ಎತ್ತರದ ನೈಸರ್ಗಿಕ ಸ್ಥಳವೇ ಸುಮಾರು ಎರಡೂವರೆ ಮೀಟರ್ ಇರುವಾಗ ಆ ಪದರ ಎಷ್ಟು ತೆಳುವಾಗಿದ್ದೀತೆಂದು ಊಹಿಸಿ. ಮಿತಿಮೀರಿ ಎತ್ತಿದರೆ ಕೆಳಗಿನ ಉಪ್ಪುನೀರು ಬಾವಿಗೆ ಏರಿಬರುತ್ತದೆ, ಒಮ್ಮೆ ಕೆಟ್ಟ ಬಾವಿ ಬೇಗ ಸರಿಹೋಗುವುದಿಲ್ಲ. ಹಾಗಾಗಿ ಸ್ನಾನದ ನೀರು ಸ್ವಲ್ಪ ಉಪ್ಪೆನಿಸಿದರೆ ಅಥವಾ ನೀರನ್ನು ಹಿಡಿತದಲ್ಲಿ ಬಳಸಿರೆಂದು ಮನೆಯವರು ಹೇಳಿದರೆ ಅದನ್ನು ಜಿಪುಣತನವೆಂದು ತಿಳಿಯಬೇಡಿ.

ಎತ್ತರದ ದ್ವೀಪದಲ್ಲಿ ಪ್ರಶ್ನೆ ಬೇರೆ: ಗಾಳಿ ಯಾವ ಮಗ್ಗುಲಿಗೆ ಬಡಿಯುತ್ತದೆ? ವಾಣಿಜ್ಯ ಮಾರುತಗಳು ಉತ್ತರಾರ್ಧಗೋಳದಲ್ಲಿ ಈಶಾನ್ಯದಿಂದಲೂ ದಕ್ಷಿಣಾರ್ಧಗೋಳದಲ್ಲಿ ಆಗ್ನೇಯದಿಂದಲೂ ಬೀಸುತ್ತವೆ. ಬೆಟ್ಟಕ್ಕೆ ತಾಗಿದ ಗಾಳಿ ಮೇಲೇರಿ ಮಳೆ ಸುರಿಸಿ, ಆಚೆ ಮಗ್ಗುಲಿಗೆ ಒಣಗಿಕೊಂಡು ಇಳಿಯುತ್ತದೆ. ಹವಾಯಿಯ ದೊಡ್ಡ ದ್ವೀಪದ ಪೂರ್ವದ ಹಿಲೋ ಪಟ್ಟಣದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ನೇರ ಅಂತರದಲ್ಲಿ ನೂರು ಕಿಲೋಮೀಟರಿಗೂ ಹತ್ತಿರವಿರುವ ಪಶ್ಚಿಮ ತೀರದ ಕವಾಯ್‌ಹಾಯೆಯಲ್ಲಿ 300 ಮಿಲಿಮೀಟರೂ ಆಗುವುದಿಲ್ಲ. ಆದ್ದರಿಂದ ಇಡೀ ದ್ವೀಪದ ಹೆಸರಿನಲ್ಲಿ ಹವಾಮಾನ ಮುನ್ಸೂಚನೆ ನೋಡಿ ಬೇಸರಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಬಿಸಿಲೂ ಶಾಂತ ಸಮುದ್ರವೂ ಬೇಕೆನ್ನುವವರು ಗಾಳಿಮರೆಯ ಮಗ್ಗುಲಲ್ಲಿ, ಜಲಪಾತ ಮತ್ತು ದಟ್ಟ ಹಸಿರು ಬೇಕೆನ್ನುವವರು ಗಾಳಿಯ ಮಗ್ಗುಲಲ್ಲಿ ವಸತಿ ಹಿಡಿಯುವುದು ಒಳ್ಳೆಯದು. ನನ್ನನ್ನು ಕೇಳಿದರೆ ನಾಲ್ಕು ದಿನಕ್ಕಿಂತ ಹೆಚ್ಚು ಸಮಯವಿದ್ದಲ್ಲಿ ಎರಡೂ ಕಡೆ ಹಂಚಿಕೊಂಡು ಉಳಿಯುವುದೇ ಲೇಸು.

ದಾರಿ ಕೇಳುವಾಗಲೂ ಈ ಬೆಟ್ಟವೇ ಎದುರಾಗುತ್ತದೆ. ಹವಾಯಿಯಲ್ಲಿ ಉತ್ತರ ದಕ್ಷಿಣ ಎನ್ನುವುದಕ್ಕಿಂತ ‘ಮೌಕಾ’, ಅಂದರೆ ಬೆಟ್ಟದ ಕಡೆ, ‘ಮಕಾಯ್’, ಅಂದರೆ ಕಡಲ ಕಡೆ ಎಂದು ಹೇಳುವುದೇ ರೂಢಿ. ಬಾಲಿಯಲ್ಲಿ ಇದಕ್ಕೆ ‘ಕಜ’ ಮತ್ತು ‘ಕೆಲೊದ್’ ಎಂಬ ಪದಗಳಿವೆ. ತಮಾಷೆಯೆಂದರೆ ಬಾಲಿಯ ದಕ್ಷಿಣ ಭಾಗದಲ್ಲಿ ಕಜ ಎಂದರೆ ಉತ್ತರ, ಉತ್ತರ ಭಾಗದಲ್ಲಿ ಅದೇ ಕಜ ಎಂದರೆ ದಕ್ಷಿಣ. ಏಕೆಂದರೆ ಬೆಟ್ಟ ನಡುವೆ ಇದೆ.

ತಿಂಗಳ ಆಯ್ಕೆಗೆ ಚಂಡಮಾರುತದ ಋತುವನ್ನು ನೋಡಿದರೆ ಸಾಕು. ಕೆರಿಬಿಯನ್ ಕಡೆ ಜೂನ್‌ನಿಂದ ನವೆಂಬರ್, ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್. ಭೂಮಿಯ ತಿರುಗುವಿಕೆಯಿಂದ ಗಾಳಿಗೆ ಸಿಗುವ ತಿರುವು ಸಮಭಾಜಕದ ಬಳಿ ತೀರ ದುರ್ಬಲವಾದ್ದರಿಂದ ಅದರಿಂದ ಸುಮಾರು 5 ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ಬಹಳ ಅಪರೂಪ. ಕೆರಿಬಿಯನ್ನಿಗೇ ಆ ತಿಂಗಳುಗಳಲ್ಲಿ ಹೋಗಬೇಕಿದ್ದರೆ, ಚಂಡಮಾರುತಗಳ ಸಾಮಾನ್ಯ ಹಾದಿಯಿಂದ ದಕ್ಷಿಣಕ್ಕಿರುವ ಅರೂಬ, ಬೊನೇರ್, ಕ್ಯುರಸಾವ್‌ಗಳನ್ನು ಪರಿಗಣಿಸಬಹುದು.

ಇನ್ನು ನೀರಿನ ಏರಿಳಿತ. ಹೆಚ್ಚಿನ ಕಡೆ ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಹನ್ನೆರಡು ನಿಮಿಷದ ಅಂತರ. ಪ್ರತಿದಿನ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಕೆ ಇಳಿಕೆ ಎರಡೂ ಹೆಚ್ಚು. ಒಮ್ಮೆ ಇಳಿತದ ಹೊತ್ತಿನಲ್ಲಿ ಹವಳದಂಡೆಯ ಮೇಲೆ ಒಣಗಾಲಿನಲ್ಲಿ ಬಹುದೂರ ನಡೆದುಹೋಗಿದ್ದ ನಾನು, ಗಡಿಯಾರ ನೋಡದೆ ಕುಳಿತದ್ದಕ್ಕೆ ಸೊಂಟಮಟ್ಟದ ನೀರಿನಲ್ಲಿ, ಕಾಲಡಿ ಏನಿದೆಯೆಂದು ಕಾಣದೆ ಹಿಂತಿರುಗಬೇಕಾಯಿತು. ಅಂದಿನಿಂದ ಹೊಸ ದ್ವೀಪದಲ್ಲಿ ಇಳಿದ ಕೂಡಲೇ ನಾನು ಕೇಳುವ ಮೊದಲ ಮಾತು ಅಂದಿನ ಇಳಿತದ ಸಮಯ. ಇದಕ್ಕೆ ಒಂದು ವಿಚಿತ್ರ ಅಪವಾದವಿದೆ. ತಾಹಿತಿ ಇರುವ ಜಾಗದಲ್ಲಿ ಚಂದ್ರನ ಸೆಳೆತದಿಂದಾಗುವ ಏರಿಳಿತ ಬಹುಮಟ್ಟಿಗೆ ಸೊನ್ನೆಯಾಗಿ ಸೂರ್ಯನದೇ ಉಳಿಯುವುದರಿಂದ, ಅಲ್ಲಿ ಸರಿಸುಮಾರು ಪ್ರತಿದಿನ ನಡುಹಗಲು ಮತ್ತು ನಡುರಾತ್ರಿಗೆ ಉಬ್ಬರ, ಬೆಳಿಗ್ಗೆ ಸಂಜೆ ಆರರ ಸುಮಾರಿಗೆ ಇಳಿತ.

ಈಜುವವರು ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಅಲೆಗಳು ಹವಳದಂಡೆಯನ್ನು ದಾಟಿಸಿ ಒಳಗಿನ ಕೊಳಕ್ಕೆ ನೀರು ತುಂಬುತ್ತಲೇ ಇರುತ್ತವೆ. ಆ ನೀರೆಲ್ಲ ದಂಡೆಯಲ್ಲಿರುವ ಕೆಲವೇ ಕಿರಿದಾದ ಬಾಯಿಗಳ ಮೂಲಕ ಹೊರಹೋಗಬೇಕು. ಕನ್ನಡಿಯಂತೆ ಕಾಣುವ ಕೊಳದಲ್ಲಿ ಅಂಥ ಬಾಯಿಯ ಹತ್ತಿರ ಹೋದವರನ್ನು ಸೆಳವು ಸದ್ದಿಲ್ಲದೆ ಹೊರಗಿನ ಕಡಲಿಗೆ ಒಯ್ಯುತ್ತದೆ, ಇಳಿತದ ಹೊತ್ತಿನಲ್ಲಿ ಇನ್ನೂ ಬಲವಾಗಿ. ದೋಣಿಗಳು ಒಳಗೆ ಹೊರಗೆ ಓಡಾಡುವ ಜಾಗ ಯಾವುದೆಂದು ನೋಡಿಕೊಂಡು ಅದರಿಂದ ದೂರವಿರಿ. ಸೆಳವಿಗೆ ಸಿಕ್ಕಿದರೆ ಅದಕ್ಕೆ ಎದುರಾಗಿ ಈಜಿ ದಣಿಯದೆ, ಅಡ್ಡಕ್ಕೆ ಈಜಿ ಅದರಿಂದ ಹೊರಬನ್ನಿ. ಆಗದಿದ್ದರೆ ತೇಲುತ್ತ ಕೈಯೆತ್ತಿ ಕರೆಯಿರಿ.

ಅಪಾಯದ ಪ್ರಾಣಿಗಳ ಬಗ್ಗೆ ಇನ್ನೊಬ್ಬ ಸದಸ್ಯರು ಶಾರ್ಕ್‌ಗಳ ಕುರಿತು ಆತಂಕ ತೋರಿಸಿದ್ದಾರೆ. ನನಗೆ ಶಾರ್ಕ್‌ಗಿಂತ ಹೆಚ್ಚು ಚಿಂತೆ ಅಲುಗಾಡದೆ ಬಿದ್ದಿರುವವುಗಳದು. ಭಾರತ ಮತ್ತು ಪೆಸಿಫಿಕ್ ಸಾಗರಗಳ ಕಲ್ಲುಮೀನು ನಿಜಕ್ಕೂ ಕಲ್ಲಿನಂತೆಯೇ ಕಾಣುತ್ತದೆ. ತುಳಿದರೆ ಬೆನ್ನಿನ ಮುಳ್ಳುಗಳು ವಿಷ ಚುಚ್ಚುತ್ತವೆ. ದಪ್ಪ ಅಟ್ಟೆಯ ಪಾದರಕ್ಷೆ ಹಾಕಿಕೊಳ್ಳಿ, ಕಾಲೆಳೆಯುತ್ತ ನಡೆಯಿರಿ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿಯಾದ, ಸುಮಾರು 45 ಡಿಗ್ರಿಯ ನೀರಿನಲ್ಲಿ ಕಾಲಿಟ್ಟರೆ ನೋವು ತಗ್ಗುತ್ತದೆ, ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಲೇಬೇಕು. ಅಂದವಾದ ಚಿತ್ತಾರವಿರುವ ಕೋನ್ ಶಂಖವನ್ನು ಕೈಗೆತ್ತಿಕೊಳ್ಳಲೇಬೇಡಿ. ಒಳಗಿನ ಹುಳು ಬದುಕಿದ್ದರೆ ಈಟಿಯಂಥ ಹಲ್ಲಿನಿಂದ ಚುಚ್ಚುತ್ತದೆ, ಕೆಲವು ಜಾತಿಗಳ ವಿಷಕ್ಕೆ ಮನುಷ್ಯರು ಸತ್ತದ್ದಿದೆ, ಪ್ರತಿವಿಷವಿಲ್ಲ. ಕೆರಿಬಿಯನ್ ತೀರಗಳಲ್ಲಿ ಸಣ್ಣ ಹಸಿರು ಸೇಬಿನಂಥ ಹಣ್ಣು ಬಿಡುವ ಮಂಚಿನೀಲ್ ಮರವಿದ್ದು, ಅದರ ಹಾಲು ತಾಗಿದರೆ ಬೊಬ್ಬೆಗಳೇಳುತ್ತವೆ. ಮಳೆ ಬಂದಾಗ ಅದರ ಕೆಳಗೆ ನಿಂತರೂ ತೊಟ್ಟಿಕ್ಕುವ ನೀರಿನಿಂದ ಅದೇ ಗತಿ. ಬಹಳ ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಊಟದ ವಿಷಯದಲ್ಲಿ, ದೊಡ್ಡ ಬರಾಕುಡದಂಥ ಹವಳದಂಡೆಯ ಬೇಟೆಗಾರ ಮೀನುಗಳಲ್ಲಿ ಸಿಗ್ವಟೆರ ಎಂಬ ವಿಷ ಸೇರಿಕೊಂಡಿರಬಹುದು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಯಾವ ಮೀನನ್ನು ಯಾವ ದಂಡೆಯಿಂದ ಹಿಡಿದರೆ ತಿನ್ನಬಾರದೆಂಬುದು ಅಲ್ಲಿನ ಬೆಸ್ತರಿಗೆ ಗೊತ್ತಿರುತ್ತದೆ. ಅವರು ಮುಟ್ಟದ್ದನ್ನು ತಾವೂ ಮುಟ್ಟಬೇಡಿ.

ತೆಂಗಿನಕಾಯಿ ಬಿದ್ದು ವರ್ಷಕ್ಕೆ 150 ಜನ ಸಾಯುತ್ತಾರೆ ಎಂದು ಇಲ್ಲಿ ಒಬ್ಬರು ಬರೆದಿದ್ದಾರೆ. ಆ ಸಂಖ್ಯೆಗೆ ಆಧಾರವಿಲ್ಲ. ಪೀಟರ್ ಬಾರ್ಸ್ ಎಂಬ ವೈದ್ಯರು 1984ರಲ್ಲಿ ಪಪುವಾ ನ್ಯೂಗಿನಿಯ ಒಂದು ಆಸ್ಪತ್ರೆಯ ನಾಲ್ಕು ವರ್ಷಗಳ ದಾಖಲೆ ನೋಡಿ, ಗಾಯಗೊಂಡು ದಾಖಲಾದವರಲ್ಲಿ ಶೇ. 2.5ರಷ್ಟು ಜನರಿಗೆ ಬೀಳುವ ತೆಂಗಿನಕಾಯಿಯೇ ಕಾರಣವೆಂದು ಬರೆದಿದ್ದರು; 150ರ ಮಾತು ಅದರಲ್ಲಿಲ್ಲ. ಆ ಅಧ್ಯಯನಕ್ಕೆ 2001ರಲ್ಲಿ ವಿನೋದದ ಇಗ್ ನೊಬೆಲ್ ಬಹುಮಾನವೂ ಬಂತು. ಹಾಗೆಂದು ಕಾಯಿ ಇಳಿಸದ ಮರದ ಬುಡದಲ್ಲಿ ಚಾಪೆ ಹಾಸಬೇಕಿಲ್ಲ. ತೆಂಗಿನ ಬುಡದಲ್ಲಿ ರಾತ್ರಿ ಸದ್ದಾದರೆ ಅದು ತೆಂಗಿನ ಏಡಿಯೂ ಇರಬಹುದು. ನಾಲ್ಕು ಕಿಲೋವರೆಗೆ ತೂಗುವ ಈ ಏಡಿ ಕಾಯಿಯನ್ನು ಒಡೆಯಬಲ್ಲದು. ಬೆಳೆದ ಮೇಲೆ ಸಮುದ್ರದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಮುಳುಗಿ ಸಾಯುತ್ತದೆ ಎಂಬುದು ನನಗಂತೂ ಇಂದಿಗೂ ಸೋಜಿಗ. ಏಡಿಗಳ ಮೇಲೆ ಆಸಕ್ತಿಯಿದ್ದರೆ ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪವನ್ನು ಯೋಚಿಸಿ. ಮೊದಲ ಮಳೆ ಬಿದ್ದೊಡನೆ ಕೋಟಿಗಟ್ಟಲೆ ಕೆಂಪು ಏಡಿಗಳು ಕಾಡಿನಿಂದ ಕಡಲಿಗೆ ಇಳಿಯುತ್ತವೆ, ರಸ್ತೆಗಳನ್ನು ಮುಚ್ಚುತ್ತಾರೆ, ಅವಕ್ಕೆಂದೇ ಸೇತುವೆ ಕಟ್ಟಿದ್ದಾರೆ. ಕೃಷ್ಣಪಕ್ಷದ ಅರ್ಧಚಂದ್ರನ ದಿನಗಳಲ್ಲಿ, ನಸುಕಿನಲ್ಲಿ, ಉಬ್ಬರ ಇಳಿಯತೊಡಗಿದಾಗ ಅವು ಮೊಟ್ಟೆ ಬಿಡುತ್ತವೆ.

ಸನ್‌ಸ್ಕ್ರೀನ್ ಕೊಳ್ಳುವ ಮುನ್ನ ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿ. ಹವಳಕ್ಕೆ ಹಾನಿಯೆಂದು ಪಲಾವ್ ದೇಶ 2020ರ ಜನವರಿ 1ರಿಂದ ಕೆಲವು ರಾಸಾಯನಿಕಗಳಿರುವ ಲೇಪಗಳನ್ನು ನಿಷೇಧಿಸಿತು. ಹವಾಯಿ 2021ರ ಆರಂಭದಿಂದ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರುವವುಗಳ ಮಾರಾಟವನ್ನು ನಿಲ್ಲಿಸಿತು. ಪಲಾವ್‌ಗೆ ಹೋದರೆ ಪ್ರಕೃತಿಗೆ ಹಾನಿ ಮಾಡುವುದಿಲ್ಲವೆಂಬ ಪ್ರತಿಜ್ಞೆಯ ಮುದ್ರೆಯನ್ನು ಪಾಸ್‌ಪೋರ್ಟಿಗೇ ಒತ್ತುತ್ತಾರೆ, ಅದಕ್ಕೆ ತಾವು ಸಹಿ ಹಾಕಬೇಕು. ನನ್ನ ಸಲಹೆ ತೋಳು ಮುಚ್ಚುವ ಈಜಂಗಿ. ಲೇಪದ ಗೊಡವೆಯೇ ಬಹುಪಾಲು ತಪ್ಪುತ್ತದೆ. ಬೂಟುಗಳ ಅಟ್ಟೆಯ ಮಣ್ಣನ್ನೂ ಮನೆಯಲ್ಲೇ ತೊಳೆದು ಹೊರಡಿ. ಎರಡನೆಯ ಮಹಾಯುದ್ಧದ ನಂತರ ಸರಕಿನೊಂದಿಗೆ ಗುವಾಮ್‌ಗೆ ಬಂದ ಕಂದು ಮರಹಾವೊಂದು ಆ ದ್ವೀಪದ ಕಾಡುಹಕ್ಕಿಗಳನ್ನು ಬಹುತೇಕ ಮುಗಿಸಿತು. ದ್ವೀಪಗಳಲ್ಲಿ ತಪಾಸಣೆ ಬಿಗಿಯಾಗಿರುವುದು ಇದಕ್ಕೇ.

ಕೊನೆಯದಾಗಿ ಗಡಿಯಾರ ಮತ್ತು ಪಂಚಾಂಗ, ಏಕೆಂದರೆ ಟಿಕೆಟ್ ಕೈತಪ್ಪುವುದು ಇಲ್ಲೇ. ಮಾಲ್ಡೀವ್ಸ್‌ನ ಹಲವು ರೆಸಾರ್ಟ್‌ಗಳು ರಾಜಧಾನಿಗಿಂತ ಒಂದು ಗಂಟೆ ಮುಂದಿನ ಸಮಯವನ್ನು ಇಟ್ಟುಕೊಂಡಿರುತ್ತವೆ. ದೋಣಿಯ ಸಮಯ ಯಾವ ಗಡಿಯಾರದ್ದೆಂದು ಕೇಳಿಕೊಳ್ಳಿ. ಸಮೋವಾ ದೇಶ 2011ರ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ಕೈಬಿಟ್ಟು ದಿನಾಂಕ ರೇಖೆಯ ಇನ್ನೊಂದು ಬದಿಗೆ ದಾಟಿತು; ಪಕ್ಕದ ಅಮೆರಿಕನ್ ಸಮೋವಾ ಇನ್ನೂ ಹಿಂದಿನ ದಿನದಲ್ಲೇ ಇದೆ. ಬಾಲಿಯಲ್ಲಿ ನ್ಯೇಪಿ ಎಂಬ ಮೌನದ ದಿನ, ಸಾಮಾನ್ಯವಾಗಿ ಮಾರ್ಚ್‌ನಲ್ಲಿ, ವಿಮಾನ ನಿಲ್ದಾಣವನ್ನೇ 24 ಗಂಟೆ ಮುಚ್ಚುತ್ತಾರೆ, ಪ್ರವಾಸಿಗರೂ ರಸ್ತೆಗೆ ಇಳಿಯುವಂತಿಲ್ಲ. ಟೊಂಗಾದಲ್ಲಿ ಭಾನುವಾರದ ವಿರಾಮ ಸಂವಿಧಾನದಲ್ಲೇ ಇದೆ, ಅಂಗಡಿಗಳು ತೆರೆಯುವುದಿಲ್ಲ. ಫಿಜಿಯ ಹಳ್ಳಿಗೆ ಹೋಗುವುದಾದರೆ ಟೋಪಿ ತೆಗೆದು, ಯಂಗೋನ ಎಂಬ ಬೇರಿನ ಕಟ್ಟನ್ನು ಊರ ಮುಖ್ಯಸ್ಥರಿಗೆ ಒಪ್ಪಿಸಿ ಅನುಮತಿ ಕೇಳುವುದು ಕ್ರಮ.

ತಾವು ಯಾವ ದ್ವೀಪವೆಂದು ನಿರ್ಧರಿಸಿದ ಮೇಲೆ ತಲುಪುವ ದಿನಾಂಕವನ್ನೂ ವಸತಿ ಯಾವ ಮಗ್ಗುಲಲ್ಲಿದೆಯೆಂಬುದನ್ನೂ ಇಲ್ಲಿ ಬರೆಯಿರಿ. ಆ ದಿನಗಳಲ್ಲಿ ಚಂದ್ರ ಯಾವ ಹಂತದಲ್ಲಿರುತ್ತಾನೆಂದು ನೋಡಿ, ಹವಳದಂಡೆಗೆ ಯಾವ ದಿನ ಇಳಿಯುವುದು ಸೂಕ್ತವೆಂದು ಹೇಳುತ್ತೇನೆ.