ದೇವಿಮನೆ ಘಟ್ಟ ಇಳಿದರೆ ಹೈಬ್ರಿಡ್ ಕಾರಿನ ದುಡ್ಡು ವಾಪಸ್ ಬರುತ್ತದಾ?

ಪ್ರಶ್ನೆ: ಶಿರಸಿಯಿಂದ ಕುಮಟಾಕ್ಕೆ ವಾರಕ್ಕೆ ಎರಡು ಸಲ ಹೋಗಿ ಬರುತ್ತೇನೆ. ‘ಸ್ಮಾರ್ಟ್ ಹೈಬ್ರಿಡ್’ಗಿಂತ ‘ಸ್ಟ್ರಾಂಗ್ ಹೈಬ್ರಿಡ್’ಗೆ ಮೂರು ಲಕ್ಷ ಜಾಸ್ತಿ ಹೇಳಿದರು. ಘಟ್ಟ ಇಳಿಯುವಾಗ ಬ್ಯಾಟರಿ ಪುಕ್ಕಟೆ ತುಂಬುತ್ತದೆ, ಆ ದುಡ್ಡು ಬೇಗ ಹುಟ್ಟುತ್ತದೆ ಅಂದರು. ಹೌದಾ?

ಉತ್ತರ: ಇಲ್ಲ. ಘಟ್ಟದ ಮೇಲಿನವರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟರ್, ಬ್ಯಾಟರಿ ಇರುವ ಕಾರು. ಎರಡಕ್ಕೂ ಹೈಬ್ರಿಡ್ ಅಂತಲೇ ಹೇಳಿ ಜನರನ್ನು ಗೊಂದಲಕ್ಕೆ ಹಾಕುವ ಮಾರಾಟಗಾರರ ಮೇಲೆ ನನಗೆ ಸಿಟ್ಟಿದೆ. ಸ್ಮಾರ್ಟ್ ಅನ್ನುವುದು ಮೈಲ್ಡ್ ಹೈಬ್ರಿಡ್. ನಿಂತಾಗ ಎಂಜಿನ್ ಬಂದ್ ಮಾಡುತ್ತದೆ, ಹೊರಡುವಾಗ ಸ್ವಲ್ಪ ನೂಕುತ್ತದೆ, ಅಷ್ಟೇ. ಬರೀ ಮೋಟರ್ ಮೇಲೆ ಅದು ಓಡುವುದಿಲ್ಲ. ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್‌ಗಳ ಸ್ಟ್ರಾಂಗ್ ಮಾದರಿ ಹಾಗೂ ಓಡುತ್ತದೆ. ಅದಕ್ಕೇ ಪರೀಕ್ಷೆಯಲ್ಲಿ ಲೀಟರಿಗೆ 27.97 ಕಿ.ಮೀ. ಕೊಟ್ಟಿದೆ.

ಈಗ ಘಟ್ಟದ ಲೆಕ್ಕ. ಕಾರು, ಜನ ಸೇರಿ 1500 ಕೆ.ಜಿ. ಅಂತಿಟ್ಟುಕೊಳ್ಳಿ. 500 ಮೀಟರ್ ಇಳಿದರೆ ಹೆಚ್ಚೆಂದರೆ 2 ಯೂನಿಟ್ ಕರೆಂಟಿನಷ್ಟು ಶಕ್ತಿ. ಗಾಳಿ, ಟಯರು ಅದರಲ್ಲಿ ಒಂದು ಪಾಲು ತಿನ್ನುತ್ತವೆ. ಈ ಕಾರುಗಳ ಬ್ಯಾಟರಿ ಇರುವುದೇ 0.76 ಯೂನಿಟ್ಟಿನದು, ಅದನ್ನೂ ಕಾರು ಪೂರ್ತಿ ತುಂಬಲು, ಪೂರ್ತಿ ಖಾಲಿ ಮಾಡಲು ಬಿಡುವುದಿಲ್ಲ. ಅರ್ಧ ಯೂನಿಟ್ ಉಳಿಯಿತು ಅಂದರೂ ಅದು ತೀರ ಸಣ್ಣ ಉಳಿತಾಯ! ವಾಪಸ್ ಹತ್ತುವಾಗಂತೂ ಹೆಚ್ಚಿನ ಕೆಲಸ ಎಂಜಿನ್ನಿನದೇ.

ಬ್ಯಾಟರಿ ತುಂಬಿದ ಮೇಲೆ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ನನಗೆ ಚಿಂತೆ ಅದರದ್ದೇ. ಮೋಟರ್ ಕಾರನ್ನು ಹಿಡಿದಿಡುವುದು ಕಡಿಮೆಯಾಗುತ್ತದೆ, ಬ್ರೇಕಿನ ಮೇಲೆ ಭಾರ ಹೆಚ್ಚುತ್ತದೆ. ಆದ್ದರಿಂದ ಸ್ಟ್ರಾಂಗ್ ಹೈಬ್ರಿಡ್ ಇದ್ದರೆ ಇಳಿಜಾರು ಶುರುವಾಗುವ ಮೊದಲೇ ಗೇರ್ ಲಿವರ್ ‘ಬಿ’ಗೆ (ಇಳಿಜಾರಲ್ಲಿ ಕಾರು ಹಿಡಿಯುವ ಸ್ಥಾನ) ಹಾಕಿ. ಆಗ ಎಂಜಿನ್ ಜೋರಾಗಿ ಕೂಗುತ್ತದೆ, ಹೆದರಬೇಡಿ, ಅದು ಕಾರನ್ನು ಹಿಡಿಯುತ್ತಿದೆ. ಮಳೆಗಾಲದಲ್ಲಿ ಬ್ರೇಕ್ ಒತ್ತಿಕೊಂಡೇ ಘಟ್ಟ ಇಳಿಯುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಇನ್ನು ದುಡ್ಡು. ವರ್ಷಕ್ಕೆ 12,000 ಕಿ.ಮೀ. ಓಡಿಸುತ್ತೀರಿ, ಪರೀಕ್ಷೆಯಲ್ಲಲ್ಲ, ರಸ್ತೆಯಲ್ಲಿ ಮೈಲ್ಡ್ ಲೀಟರಿಗೆ 16 ಕಿ.ಮೀ., ಸ್ಟ್ರಾಂಗ್ 22 ಕೊಡುತ್ತದೆ ಅನ್ನಿ. ಉಳಿಯುವುದು ಸುಮಾರು 200 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೆ 20,000. ಮೂರು ಲಕ್ಷ ಹುಟ್ಟಲು ಹದಿನೈದು ವರ್ಷ! ದಿನವೂ ಹುಬ್ಬಳ್ಳಿಯಂಥ ಪೇಟೆಯಲ್ಲಿ ನಿಂತು ಹೊರಡುವವರು ಸ್ಟ್ರಾಂಗ್ ತಗೊಳ್ಳಲಿ, ಅದರ ನಿಜವಾದ ಲಾಭ ಅಲ್ಲಿದೆ. ನಿಮಗೆ ಮೈಲ್ಡ್ ಸಾಕು. ಉಳಿದ ದುಡ್ಡಲ್ಲಿ ಒಳ್ಳೆ ಟಯರ್ ಹಾಕಿಸಿ.

ಪ್ರಶ್ನೆ: ಸ್ಟ್ರಾಂಗ್ ಹೈಬ್ರಿಡ್ ತಗೊಂಡರೆ ಮನೆಯಲ್ಲಿ ಚಾರ್ಜರ್ ಹಾಕಿಸಬೇಕಾ? (ಅಂಕೋಲಾ)

ಉತ್ತರ: ಬೇಡ. ಪ್ಲಗ್ ಹಾಕುವುದು ಪ್ಲಗ್-ಇನ್ ಹೈಬ್ರಿಡ್‌ಗೆ ಮಾತ್ರ, ಅದರ ಬೆಲೆಯೇ ಬೇರೆ.

ಪ್ರಶ್ನೆ: ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ್ದೆ, ಹೈಬ್ರಿಡ್ ಸ್ಟಾರ್ಟ್ ಆಗಲಿಲ್ಲ. ದೊಡ್ಡ ಬ್ಯಾಟರಿ ಹೋಯಿತಾ? (ಕಾರವಾರ)

ಉತ್ತರ: ಮೊದಲು ಸಣ್ಣ 12 ವೋಲ್ಟ್ ಬ್ಯಾಟರಿ ನೋಡಿಸಿ. ಹೆಚ್ಚಿನ ಸಲ ಮಲಗುವುದು ಅದೇ.

ಪ್ರಶ್ನೆ: ಹಳೆ ಕಾರಿಗೆ ನಲವತ್ತು ಸಾವಿರಕ್ಕೆ ಹೈಬ್ರಿಡ್ ಕಿಟ್ ಕೂರಿಸಿ ಕೊಡುತ್ತಾರಂತೆ. (ಹೊನ್ನಾವರ)

ಉತ್ತರ: ದಯವಿಟ್ಟು ಬೇಡ. ನಲವತ್ತು ಸಾವಿರದಲ್ಲಿ ಹೈಬ್ರಿಡ್ ಆಗುವುದಿಲ್ಲ, ಇದು ಸುಮ್ನೆ ಮೋಸ. ವೈರಿಂಗ್ ಕತ್ತರಿಸಿ ಜೋಡಿಸಿದ ಕಾರಿಗೆ ಬೆಂಕಿ ಹತ್ತಿದರೆ ವಿಮೆಯೂ ಸಿಗದೆ ಹೋಗಬಹುದು.