ಸೋಲಾರ್ ಇರುವಾಗ ಕೈಗಾ ಯಾಕೆ ಬೇಕು?

ಪ್ರಶ್ನೆ: ಸರ್, ಹೋದ ವರ್ಷ ಮನೆ ಮೇಲೆ ಸೋಲಾರ್ ಹಾಕಿಸಿದೆವು. ಮಗಳ ಶಾಲೆ ಪ್ರಾಜೆಕ್ಟ್‌ನಲ್ಲಿ ಬಿಸಿಲು, ಗಾಳಿ, ನೀರಿನ ಜತೆ ಅಣುವಿದ್ಯುತ್ತನ್ನೂ 'ಕ್ಲೀನ್ ಎನರ್ಜಿ' ಪಟ್ಟಿಗೆ ಸೇರಿಸಿದ್ದಾರೆ. ಸಾವಿರಾರು ವರ್ಷ ವಿಕಿರಣ ಬಿಡುವ ಕಸ ಮಾಡುವಂಥದ್ದು ಕ್ಲೀನ್ ಹೇಗೆ? ಅದು ಬೇಕಾದರೂ ಯಾಕೆ?
- ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದೇ. ಪಟ್ಟಿ ಮಾಡುವವರು ಎಣಿಸುವುದು ಕಾರ್ಬನ್ ಡೈಆಕ್ಸೈಡನ್ನು, ಕಸವನ್ನಲ್ಲ. ಗಣಿ ಅಗೆಯುವುದರಿಂದ ಹಿಡಿದು ಸ್ಥಾವರ ಕೆಡವುವವರೆಗೆ ಎಲ್ಲ ಸೇರಿಸಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2014ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಒಂದು ಯೂನಿಟ್ ಕರೆಂಟಿಗೆ ಕಲ್ಲಿದ್ದಲಿನಲ್ಲಿ ಸುಮಾರು 820 ಗ್ರಾಂ, ಸೋಲಾರಿನಲ್ಲಿ 40ರಿಂದ 50, ಅಣುವಿನಲ್ಲಿ 12. (ಸೋಲಾರಿನ ಅಂಕಿ ಹಳೆಯದು, ಪ್ಯಾನೆಲ್‌ಗಳು ಆಮೇಲೆ ಸುಧಾರಿಸಿವೆ.) ಅಷ್ಟರಮಟ್ಟಿಗೆ ಮಗಳ ಪಟ್ಟಿ ಸರಿ.

ಉತ್ತರ ಕನ್ನಡದ ಕೈಗಾ ಅಣುಸ್ಥಾವರದ ಇಂಧನ ನೋಡಲು ಏನೂ ಅಲ್ಲ. 19 ಕೊಳವೆಗಳನ್ನು ಸೌದೆ ಹೊರೆಯಂತೆ ಜೋಡಿಸಿದ, ಒಂದು ಮೊಳಕ್ಕಿಂತ ಸ್ವಲ್ಪ ಉದ್ದದ ಕಟ್ಟು. ಒಳಗೆ ಸೀಮೆಸುಣ್ಣದ ತುಂಡಿನಂಥ ಯುರೇನಿಯಂ ಬಿಲ್ಲೆಗಳು, ತೂಕ ಸುಮಾರು 15 ಕೆಜಿ. ಅಂಥ ಒಂದು ಕಟ್ಟಿನಿಂದ ಹೆಚ್ಚೂಕಡಿಮೆ 7 ಲಕ್ಷ ಯೂನಿಟ್ ಬರುತ್ತದೆ. ಅಷ್ಟೇ ಕರೆಂಟಿಗೆ ಕಲ್ಲಿದ್ದಲಾದರೆ ಇಪ್ಪತ್ತು ಲಾರಿ ಲೋಡಾದರೂ ಸುಡಬೇಕು. ಒಂದೊಂದು ರಿಯಾಕ್ಟರಿನಲ್ಲೂ ಇಂಥ 3,672 ಕಟ್ಟು ಇರುತ್ತವೆ. ಹಳೆಯದನ್ನು ತೆಗೆದು ಹೊಸದು ತುಂಬಲು ಸ್ಥಾವರ ನಿಲ್ಲಿಸಬೇಕಿಲ್ಲ, ಓಡುತ್ತಿರುವಾಗಲೇ ಯಂತ್ರ ಆ ಕೆಲಸ ಮಾಡುತ್ತದೆ. ಹಾಗಾಗಿಯೇ ಕೈಗಾದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಮ್ಮೆಯೂ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ.

ಯಾಕೆ ಬೇಕು ಅಂದಿರಲ್ಲ, ನಿಮ್ಮ ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕನ್ನೇ ತಗೊಳ್ಳಿ. 13,000 ಎಕರೆ, 2,050 ಮೆಗಾವ್ಯಾಟ್. ಕೈಗಾದ ನಾಲ್ಕೂ ಘಟಕ ಸೇರಿದರೆ ಬರೀ 880. ಆದರೆ ಸೋಲಾರ್ ವರ್ಷದ ಸರಾಸರಿ ಸಾಮರ್ಥ್ಯದ ಕಾಲುಭಾಗ ಓಡುತ್ತದೆ ಅಂತಿಟ್ಟುಕೊಂಡರೂ ಪಾವಗಡದಿಂದ ದಿನಕ್ಕೆ ಒಂದೂಕಾಲು ಕೋಟಿ ಯೂನಿಟ್ ಆಸುಪಾಸು. ನಾಲ್ಕೂ ಘಟಕ ಪೂರ್ತಿ ಓಡುವ ದಿನ ಕೈಗಾದಿಂದ ಎರಡು ಕೋಟಿಗೂ ಜಾಸ್ತಿ, ಅದರಲ್ಲಿ ಅರ್ಧದಷ್ಟು ರಾತ್ರಿ ಹೊತ್ತಿನಲ್ಲಿ. ಸಂಜೆ ಏಳಕ್ಕೆ ನಿಮ್ಮ ಮಹಡಿ ಮೇಲಿನ ಪ್ಯಾನೆಲ್ ಸುಮ್ನೆ ಕೂತಿರುತ್ತದೆ, ಅಲ್ವಾ? ಆ ಹೊತ್ತಿಗೆ ರಾಯಚೂರಿನಲ್ಲಿ ಕಲ್ಲಿದ್ದಲು ಸುಡುತ್ತಿರುತ್ತದೆ. ನನ್ನ ಪ್ರಕಾರ ಅಣುವಿದ್ಯುತ್ತಿಗೆ ಪೈಪೋಟಿ ಇರುವುದು ಆ ಕಲ್ಲಿದ್ದಲಿನ ಜತೆ, ನಿಮ್ಮ ಪ್ಯಾನೆಲ್ ಜತೆ ಅಲ್ಲ. ಬ್ಯಾಟರಿ ಇನ್ನೂ ಅಗ್ಗವಾದರೆ ಈ ಮಾತು ಬದಲಾಗಬಹುದು, ಅದು ಬೇರೆ.

ಇನ್ನು ಕಸ. ಉರಿದ ಕಟ್ಟುಗಳನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿಸಿ ತಣಿಸುತ್ತಾರೆ. ನಮ್ಮಲ್ಲಿ ಅದನ್ನು ಮರುಸಂಸ್ಕರಿಸಿ (ಮತ್ತೆ ಬಳಸಬಹುದಾದ ಪಾಲನ್ನು ಬೇರ್ಪಡಿಸಿ), ಉಳಿದ ತೀವ್ರ ವಿಕಿರಣದ ಪಾಲನ್ನು ಗಾಜಿನಲ್ಲಿ ಬೆರೆಸಿ ಸ್ಟೀಲ್ ಡಬ್ಬಿಗೆ ತುಂಬುತ್ತಾರೆ. ಪ್ರಮಾಣ ಕಡಿಮೆ, ನಿಜ. ಆದರೆ ಶಾಶ್ವತವಾಗಿ ಹೂಳುವ ಜಾಗ ದೇಶದಲ್ಲಿ ಇನ್ನೂ ಇಲ್ಲ. ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಕಸ ಕೋಲಾರದ ಚಿನ್ನದ ಗಣಿಗೆ ಬರುತ್ತದಂತೆ ಅಂತ ಸುದ್ದಿಯಾಗಿ 2012ರಲ್ಲಿ ಜನ ಬೀದಿಗಿಳಿದಿದ್ದರು, ಆಮೇಲೆ ಸರ್ಕಾರ ಹಾಗೇನಿಲ್ಲ ಅಂದಿತು. ಎಡವಟ್ಟುಗಳೂ ಆಗಿವೆ. 1994ರಲ್ಲಿ, ಕಟ್ಟುವಾಗಲೇ, ಕೈಗಾದ ರಿಯಾಕ್ಟರ್ ಕಟ್ಟಡದ ಗುಮ್ಮಟದ ಒಳಭಾಗ ಕುಸಿಯಿತು. 2009ರಲ್ಲಿ ಸಿಬ್ಬಂದಿ ಕುಡಿಯುವ ವಾಟರ್ ಕೂಲರಿಗೆ ವಿಕಿರಣ ಸೂಸುವ ಟ್ರೀಷಿಯಂ ಸೇರಿತ್ತು. ಇಂಥದ್ದನ್ನು ಮುಚ್ಚಿಟ್ಟು 'ಪೂರ್ತಿ ಸುರಕ್ಷಿತ' ಅನ್ನುವವರ ಮಾತು ನನಗಂತೂ ಹಿಡಿಸುವುದಿಲ್ಲ.

ನನ್ನ ದೊಡ್ಡ ತಕರಾರು ಮಾತ್ರ ನಿಧಾನದ್ದು. 1989ರಲ್ಲಿ ಶುರುವಾದ ಕೈಗಾ ಕೆಲಸದಿಂದ ಕರೆಂಟು ಬಂದಿದ್ದು 1999ರ ಕೊನೆಯಲ್ಲಿ! ಪಾವಗಡ ನಾಲ್ಕೈದು ವರ್ಷದಲ್ಲಿ ಮುಗಿಯಿತು.

ಮಗಳಿಗೆ ಪ್ರಾಜೆಕ್ಟ್ ಪಟ್ಟಿಯಲ್ಲಿ ಇನ್ನೆರಡು ಕಾಲಂ ಹಾಕಲು ಹೇಳಿ: 'ರಾತ್ರಿ ಸಿಗುತ್ತದಾ?', 'ಕಸ ಎಲ್ಲಿಡೋದು?'. ಎರಡನೆಯದರಲ್ಲಿ ಸೋಲಾರಿನ ಮುಂದೆ ಖಾಲಿ ಬಿಡಬೇಡಿ, ಹಳೆ ಪ್ಯಾನೆಲ್‌ಗಳನ್ನೂ ಒಂದು ದಿನ ಎಲ್ಲಾದರೂ ಹಾಕಲೇಬೇಕಲ್ಲ.