ಮುಂದಿನ ವೀಲ್ ಬೇರಿಂಗ್ ಮನೆಯಲ್ಲೇ ಬದಲಿಸಲು ಯಾವ ಸುತ್ತಿಗೆ, ಯಾವ ಪುಲ್ಲರ್ ತಗೊಳ್ಳಲಿ?

ಸುತ್ತಿಗೆ ಬೇಡ. ಪುಲ್ಲರೂ (ಬಿಗಿಯಾಗಿ ಕೂತ ಭಾಗವನ್ನು ಎಳೆದು ತೆಗೆಯುವ ಸಾಧನ) ಬೇಡ. ಹೀಗೇ ಯೋಚಿಸಿ ಎರಡು ಕೆಜಿ ಸುತ್ತಿಗೆ ತಂದು, ಒಂದೇ ಚಕ್ರಕ್ಕೆ ಎರಡು ಸಲ ಬೇರಿಂಗ್ ಕೊಂಡವನು ನಾನು.

ನನ್ನದು ಹಳೇ ಚಿಕ್ಕ ಕಾರು. ಹಾಸನದಿಂದ ಮಂಗಳೂರಿಗೆ ಹೋಗುವಾಗ ಸ್ಪೀಡ್ 50 ದಾಟಿದರೆ ಗುಂಯ್ ಅನ್ನುತ್ತಿತ್ತು. ಟೈರ್ ಸದ್ದು ಅಂದುಕೊಂಡು ಸುಮ್ನೆ ಇದ್ದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಗುಟ್ಟು ಬಯಲಾಯಿತು. ಬಲಕ್ಕೆ ತಿರುಗಿದಾಗೆಲ್ಲ ಸದ್ದು ಜಾಸ್ತಿ, ಎಡಕ್ಕೆ ತಿರುಗಿದರೆ ಕಮ್ಮಿ. ಬಲಕ್ಕೆ ತಿರುಗಿದಾಗ ಭಾರ ಎಡಚಕ್ರದ ಮೇಲೆ ಬೀಳುತ್ತಲ್ವಾ, ಹಾಗಾಗಿ ಹೋಗಿದ್ದು ಎಡಗಡೆಯದು.

ಬಿಚ್ಚುವ ಕೆಲಸ ಚೆನ್ನಾಗೇ ಆಯಿತು. ಚಕ್ರ ನೆಲದ ಮೇಲಿರುವಾಗಲೇ ಚಕ್ರವನ್ನು ಹೊತ್ತು ತಿರುಗುವ ಹಬ್‌ನ ನಡುವಿನ ದೊಡ್ಡ ನಟ್, ಅಂದರೆ ಹಬ್ ನಟ್, ಸಡಿಲ ಮಾಡಿದೆ (ಪಾನಾಕ್ಕೆ ಉದ್ದನೆ ಪೈಪ್ ಸಿಕ್ಕಿಸಿ ಭಾವನೂ ನಾನೂ ಜೋತುಬಿದ್ದೆವು). ಆಮೇಲೆ ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಬ್ರೇಕ್ ಕ್ಯಾಲಿಪರ್ ತಂತಿಗೆ ನೇತುಹಾಕಿ, ಬೇರಿಂಗ್ ಕೂರುವ ಲೋಹದ ದಪ್ಪ ಭಾಗ, ಅಂದರೆ ಸ್ಟೀರಿಂಗ್ ನಕಲ್, ಹೊರಗೆ ತೆಗೆದೆ. ಬೇರಿಂಗ್ ಅಂದರೆ ಒಂದರೊಳಗೊಂದು ಎರಡು ಬಳೆ, ನಡುವೆ ಉರುಳುವ ಗುಂಡುಗಳು. ಹೊಸ ಬೇರಿಂಗ್ ನಕಲಿನೊಳಗೆ ಕೂರಿಸುವಾಗಲೂ ಹುಷಾರಾಗಿದ್ದೆ. ಹಳೆಯದರ ಹೊರಬಳೆ ಇಟ್ಟು ಅದರ ಮೇಲೆ ಮಾತ್ರ ಹೊಡೆದೆ.

ಕೆಟ್ಟಿದ್ದು ಆಮೇಲೆ. ಹಬ್ ಅನ್ನು ಬೇರಿಂಗಿನೊಳಗೆ ಇಳಿಸಬೇಕಲ್ಲ, ನಕಲನ್ನು ಎರಡು ಇಟ್ಟಿಗೆ ಮೇಲಿಟ್ಟು ಮೇಲಿನಿಂದ ಬಾರಿಸಿದೆ. ಇಲ್ಲಿ ಸರಿಯಾಗಿ ಗಮನಿಸಿ. ಹಬ್ ಹೋಗಿ ಬಿಗಿಯಾಗುವುದು ಒಳಬಳೆಯಲ್ಲಿ. ನಕಲ್ ಹಿಡಿದಿರುವುದು ಹೊರಬಳೆಯನ್ನು. ಒಳಬಳೆಗೆ ಕೆಳಗಿಂದ ಆಸರೆಯೇ ಇಲ್ಲ. ಅಂದಮೇಲೆ ನಾನು ಕೊಟ್ಟ ಒಂದೊಂದು ಪೆಟ್ಟೂ ಒಳಬಳೆಯಿಂದ ಹೊರಬಳೆಗೆ ದಾಟಿದ್ದು ನಡುವಿನ ಗುಂಡುಗಳ ಮೂಲಕವೇ, ಪಾಪ ಅವು ಉರುಳೋಕೆ ಇರುವವು, ಏಟು ತಿನ್ನೋಕಲ್ಲ. ಒಳಬಳೆಯ ಅಳತೆಯ ಒಂದು ಪೈಪ್ ತುಂಡು ಕೆಳಗಿಟ್ಟಿದ್ದರೆ ಸಾಕಿತ್ತು. ಒಂದು ಪೈಪ್ ತುಂಡು! ಕೈಯಲ್ಲಿ ತಿರುಗಿಸಿದಾಗ ಬೆಣ್ಣೆ ಹಾಗೆ ತಿರುಗಿತು, ಗೆದ್ದೆ ಅಂದುಕೊಂಡೆ. 600 ಕಿ.ಮೀ. ಆಗುವಷ್ಟರಲ್ಲಿ ಮತ್ತೆ ಗುಂಯ್. ಬಿಚ್ಚಿ ಗ್ರೀಸ್ ಒರೆಸಿ ನೋಡಿದರೆ, ಗುಂಡು ಓಡುವ ದಾರಿಯಲ್ಲಿ ಸಾಲಾಗಿ, ಒಂದೇ ಅಂತರದಲ್ಲಿ, ಸೋಪಿಗೆ ಉಗುರು ಒತ್ತಿದ ಹಾಗೆ ಸಣ್ಣ ಸಣ್ಣ ಗುಳಿ.

ಎರಡನೇ ಸಲ ನಕಲ್, ಹಬ್, ಹೊಸ ಬೇರಿಂಗ್ ಮೂರನ್ನೂ ಗೋಣಿಚೀಲದಲ್ಲಿ ಹಾಕಿಕೊಂಡು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಹೋದೆ. ಅಲ್ಲಿನ ಮೇಸ್ತ್ರಿ ಪ್ರೆಸ್ ಮುಟ್ಟುವ ಮೊದಲು ಒಂದು ಹಳೇ ಡಬ್ಬದಲ್ಲಿ ಕೈಯಾಡಿಸಿ, ಒಳಬಳೆಗೆ ಸರಿಯಾಗಿ ಹೊಂದುವ ಬಳೆಯೊಂದನ್ನು ಹುಡುಕಿ ಕೆಳಗಿಟ್ಟರು. ಹಬ್ಬಿಗೆ ಕಚ್ಚಿಕೊಂಡಿದ್ದ ಹಳೇ ಒಳಬಳೆಯನ್ನೂ ಅವರೇ ತೆಗೆದುಕೊಟ್ಟರು. ಒಟ್ಟು 300 ರೂಪಾಯಿ. ನನ್ನ ಸುತ್ತಿಗೆಗೇ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೆ.

ನೀವೂ ಅಷ್ಟೇ ಮಾಡಿ. ಬಿಚ್ಚುವುದು, ಜೋಡಿಸುವುದು ಮನೆಯಲ್ಲಿ, ಒತ್ತಿಸುವುದು ಲೇತ್ ಅಂಗಡಿಯಲ್ಲಿ. ಎರಡೂ ಕಡೆ ಬದಲಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಸದ್ದು ಮಾಡುವುದನ್ನು ಬದಲಿಸಿ. ನಿಮ್ಮ ಕಾರಿನಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದು, ಬೇರಿಂಗಿನ ಒಂದು ಮುಖದಲ್ಲಿ ಅಯಸ್ಕಾಂತದ ಪಟ್ಟಿ ಇದ್ದರೆ ಆ ಮುಖ ಚಕ್ರದ ವೇಗ ಅಳೆಯುವ ಸೆನ್ಸರ್ ಕಡೆಗೇ ಬರಬೇಕು, ಇದನ್ನು ಮೇಸ್ತ್ರಿಗೆ ಮೊದಲೇ ಹೇಳಿ. ಹಬ್ ನಟ್ ಹೊಸದೇ ಹಾಕಿ, ಟಾರ್ಕ್ ವ್ರೆಂಚಿನಲ್ಲಿ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನಾ) ಮ್ಯಾನ್ಯುಯಲ್ ಹೇಳಿದಷ್ಟು ಬಿಗಿ ಮಾಡಿ. ಅದು ಬಿಗಿಯಾಗುವವರೆಗೆ ಕಾರನ್ನು ಒಂದಡಿಯೂ ತಳ್ಳಬೇಡಿ.